ಡಾಕ್ಟರ್ ಗಾಡಿ

ಹಳೇ ಎಸ್‌ಯುವಿ ಮಾರುವವರ ಮಾತು ನಂಬುವುದಾದರೆ ಕರ್ನಾಟಕದಲ್ಲಿ ಡಾಕ್ಟರುಗಳಷ್ಟು ಗಾಡಿ ಮಾರುವವರು ಇನ್ಯಾರೂ ಇಲ್ಲ. ಯಾವ ಗಾಡಿಯ ಪಕ್ಕ ಹೋಗಿ ನಿಂತರೂ ಬ್ರೋಕರ್ ಮೊದಲು ವರ್ಣಿಸುವುದು ಎಂಜಿನ್ನನ್ನಲ್ಲ, ಓನರನ್ನು. "ಡಾಕ್ಟರ್ ಗಾಡಿ ಸಾರ್. ಮನೆಯಿಂದ ಕ್ಲಿನಿಕ್, ಕ್ಲಿನಿಕ್‌ನಿಂದ ಮನೆ. ಭಾನುವಾರ ದೇವಸ್ಥಾನ." ಡಾಕ್ಟರ್ ಸಿಗದಿದ್ದರೆ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಅವರೂ ಸಿಗದಿದ್ದರೆ ವರ್ಷಕ್ಕೊಮ್ಮೆ ಬಂದು ಕವರ್ ಸರಿಸಿ ನೋಡಿ ಹೋಗುವ ಎನ್ನಾರೈ. ಜಲ್ಲಿ ಕ್ರಷರಿನ ಧೂಳು ಕುಡಿದ, ಎಲೆಕ್ಷನ್ನಿನಲ್ಲಿ ಹಳ್ಳಿ ಹಳ್ಳಿ ಸುತ್ತಿದ, ಶಬರಿಮಲೆಗೆ ಹನ್ನೊಂದು ಜನರನ್ನು ಇರುಮುಡಿ ಸಮೇತ ಹೊತ್ತ ಗಾಡಿಗಳೆಲ್ಲ ಎಲ್ಲಿ ಮಾರಾಟವಾಗುತ್ತವೋ ಆ ಅಯ್ಯಪ್ಪನೇ ಬಲ್ಲ.

ನಮಗೆ ದೊಡ್ಡ ಗಾಡಿ ಬೇಕಾಗಿತ್ತು. ಅಪ್ಪನ ಮಂಡಿಗೆ ಎತ್ತರದ ಸೀಟು, ಮಗನಿಗೆ ಸನ್‌ರೂಫ್, ಹೆಂಡತಿಗೆ ತವರಿನವರೆಲ್ಲ ಹಿಡಿಸುವಂಥ ಮೂರನೇ ಸಾಲು. ಈ ಮೂರೂ ಇರುವ ಹೊಸ ಗಾಡಿಯ ಆನ್‌ರೋಡ್ ರೇಟು ಕೇಳಿದ ಮೇಲೆ ನಾನು ಹಳೆಯದರ ಕಡೆ ತಿರುಗಿದೆ. ಶಿವಮೊಗ್ಗದಲ್ಲಿ ನಮ್ಮ ಮನೆಯ ಹಿಂದೆಯೇ ಗ್ಯಾರೇಜ್ ಇಟ್ಟಿರುವ ಸಾಬ್ರನ್ನು ಜೊತೆಗೆ ಕರೆದುಕೊಂಡು ಹೊರಟೆ. ಓನರ್ ಚರಿತ್ರೆ ಕೇಳುವ ತಾಳ್ಮೆ ಅವರಿಗಿಲ್ಲ. ಬ್ರೋಕರ್ "ಡಾಕ್ಟರ್" ಎನ್ನುವಷ್ಟರಲ್ಲಿ ಅವರ ಅಂಗೈ ಬಾನೆಟ್ ಮೇಲಿರುತ್ತದೆ.

"ಮೇಷ್ಟ್ರೇ, ಇದು ಆಗ್ಲೇ ಎದ್ದು ಸ್ನಾನ ಮಾಡ್ಕಂಡ್ ಕುಂತೈತೆ" ಎಂದರು ಒಂದು ಕಡೆ. ಸವೆದ ಡೀಸೆಲ್ ಎಂಜಿನ್ನಿನ ನರಳಾಟ ಕೇಳುವುದು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ. ನಾವು ಬರುವ ಹೊತ್ತಿಗೆ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ಅಲ್ಲಿಗೆ ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಹೋದೆವು. ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ನೀಲಿ ಎಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಗಾಢ ಕಪ್ಪಾದರೆ ಇಂಜೆಕ್ಟರ್, ಟರ್ಬೊ ಕಡೆ ನೋಡಬೇಕು. ಆಯಿಲ್ ಮುಚ್ಚಳ ಬಿಚ್ಚಿದಾಗ ಒಳಗಡೆ ಹಾಲುಬಣ್ಣದ ಜಿಡ್ಡು ಕಂಡರೆ ಸಾಬ್ರು ಮಾತಾಡುವುದೇ ಇಲ್ಲ, ಸೀದಾ ಬೈಕ್ ಹತ್ತುತ್ತಾರೆ.

ಇನ್ನೊಂದು ಗಾಡಿಯ ಮೀಟರ್ 58 ಸಾವಿರ ತೋರಿಸುತ್ತಿತ್ತು. ಸೀಟ್ ಕವರ್ ಹೊಸದು, ಸ್ಟೀರಿಂಗಿಗೂ ಹೊಸ ಕವರ್, ಒಳಗೆ ಮಲ್ಲಿಗೆ ಪರಿಮಳ. ಸಾಬ್ರು ಡ್ರೈವರ್ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಬಿಟ್ಟರು. ಬ್ರೇಕ್ ಪೆಡಲಿನ ರಬ್ಬರಿನಲ್ಲಿ ಅಡ್ಡಗೆರೆಗಳೇ ಇರಲಿಲ್ಲ. ಬಲ ಅಂಚಿನಲ್ಲಿ ಕಬ್ಬಿಣ ಇಣುಕುತ್ತಿತ್ತು. ಕ್ಲಚ್ ಪೆಡಲ್ ಕನ್ನಡಿಯಾಗಿತ್ತು. "ಐವತ್ತೆಂಟು ಸಾವ್ರಕ್ಕೆ ಹಿಂಗ್ ಸವೆದೈತೆ ಅಂದ್ರೆ, ಡಾಕ್ಟ್ರು ಎಮರಿ ಪೇಪರ್ ಚಪ್ಲಿ ಹಾಕ್ಕಂತಿದ್ರಾ?" ಬ್ರೋಕರ್ ನಕ್ಕ. ಲ್ಯಾಪ್‌ಟಾಪ್ ಜೋಡಿಸಿ ಡಿಜಿಟಲ್ ಮೀಟರಿನ ಲಕ್ಷವನ್ನು ಸಾವಿರ ಮಾಡುವವರು ಊರೂರಲ್ಲೂ ಇದ್ದಾರೆ. ಪೆಡಲಿನ ರಬ್ಬರ್ ನೆನಪಾಗುವುದು ಅವರಲ್ಲಿ ಕೆಲವರಿಗೆ ಮಾತ್ರ. ಹಳೇ ಗಾಡಿಗೆ ಹೊಚ್ಚಹೊಸ ರಬ್ಬರ್ ಇದ್ದರೆ ಅದು ಇನ್ನೂ ದೊಡ್ಡ ಅನುಮಾನ. ಅದೇ ಗಾಡಿಯ ಬಗ್ಗೆ "ಕಂಪನಿ ಟೈರೇ ಸಾರ್, ಇನ್ನೂ ಸವೆದಿಲ್ಲ" ಎಂದಿದ್ದ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಇದರ ಮೇಲೆ 2921 ಎಂದಿತ್ತು. ಗಾಡಿ 2017ರದು. ಹುಟ್ಟಿ ನಾಲ್ಕು ವರ್ಷವಾದ ಮೇಲೆ ತಯಾರಾದ ಕಂಪನಿ ಟೈರು!

ನನಗೆ ತುಂಬ ಹಿಡಿಸಿದ್ದು ಒಂದು ಬಿಳಿ ಗಾಡಿ. ಫಳಫಳ ಹೊಳೆಯುತ್ತಿತ್ತು, ರೇಟೂ ಕಡಿಮೆ. ಸಾಬ್ರು ಸೀಟ್ ಬೆಲ್ಟನ್ನು ಕೊನೇವರೆಗೂ ಎಳೆದರು. ದಿನಾ ಎಳೆಯುವಷ್ಟು ಭಾಗ ಚೊಕ್ಕಟ. ಆಮೇಲೆ ಕಂಬದೊಳಗೆ ಸುತ್ತಿಕೊಂಡೇ ಇದ್ದ ಭಾಗ ಹೊರಬಂತು. ಅಲ್ಲಿ ಕೆಂಪು ಮಣ್ಣಿನ ಒಂದು ಗೆರೆ. ಬ್ರೋಕರ್ ತಕ್ಷಣ "ಕಾಫಿ ಚೆಲ್ಲಿತ್ತು ಸಾರ್" ಎಂದ. ಸಾಬ್ರು ಉಳಿದ ಬೆಲ್ಟುಗಳನ್ನೂ ಎಳೆದು "ಎಲ್ಲಾ ಸೀಟಿಗೂ ಒಂದೇ ಎತ್ತರಕ್ಕೆ ಚೆಲ್ಲೈತಲ್ಲಪ್ಪ" ಎಂದರು. 2015ರ ಡಿಸೆಂಬರಿನಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ಕಾರುಗಳು ನೀರಲ್ಲಿ ಮುಳುಗಿ ನಿಂತದ್ದನ್ನು ಟಿ.ವಿ.ಯಲ್ಲಿ ನೋಡಿದ್ದೇವೆ. ಅಂಥವನ್ನು ತೊಳೆದು, ಒಣಗಿಸಿ, ದೂರದ ಊರಿಗೆ ತಂದು ನಿಲ್ಲಿಸಿದರೆ ಕಂಡುಹಿಡಿಯುವುದು ಕಷ್ಟ. ಕಾರ್ಪೆಟ್ಟಿನ ಕೆಳಗಿನ ವೈರಿಂಗ್ ತಿಂಗಳುಗಟ್ಟಲೆ ಸುಮ್ಮನಿದ್ದು, ಆಮೇಲೆ ಒಂದೊಂದೇ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿಯುತ್ತದೆ.

ದೆಹಲಿ ಗಾಡಿಗಳದು ಬೇರೆ ಕಥೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದು ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅಂದಿನಿಂದ ದಕ್ಷಿಣಕ್ಕೆ ಅವುಗಳ ತೀರ್ಥಯಾತ್ರೆ. ಅಗ್ಗ ನಿಜ. ಎನ್‌ಒಸಿ ತರಿಸಿ, ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಿ, ಆರ್‌ಟಿಓ ಮೆಟ್ಟಿಲು ಸವೆಸುವ ಹೊತ್ತಿಗೆ ಅಗ್ಗ ಎಲ್ಲಿತ್ತು ಎಂದು ಹುಡುಕಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರಂತೂ ಸಾಲ ತೀರಿದ ಕಾಗದ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬಾರದು.

ಇಷ್ಟರ ನಡುವೆ ಒಮ್ಮೆ ನಿಜವಾದ ಡಾಕ್ಟರ್ ಗಾಡಿಯೇ ಸಿಕ್ಕಿತು. ಸಾಕ್ಷಾತ್ ಡಾಕ್ಟರರೇ ಸ್ಟೆತಸ್ಕೋಪ್ ಸಮೇತ ಬಂದು ಕೀ ಕೊಟ್ಟರು. 2021ರ ಡೀಸೆಲ್ ಗಾಡಿ, ಮನೆ–ಕ್ಲಿನಿಕ್ ಬಿಟ್ಟು ಬೇರೆ ದಾರಿ ಕಂಡಿಲ್ಲ. ನಾನು ಇನ್ನೇನು ಕೈಕುಲುಕಬೇಕು, ಸಾಬ್ರು ಬೇಡ ಎಂದು ತಲೆಯಾಡಿಸಿದರು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರಿನಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ಸಮ ಓಡಬೇಕು. ದಿನಾ ಎರಡು ಕಿಲೋಮೀಟರ್ ಓಡಿ ನಿಂತರೆ ಮಸಿ ಕಟ್ಟಿ ಕೂರುತ್ತದೆ, ಬದಲಾಯಿಸುವ ಖರ್ಚು ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೂ ಉರಿಯುತ್ತಿತ್ತು. "ಅದು ಯಾವಾಗ್ಲೂ ಹಾಗೇ ಇರುತ್ತೆ" ಎಂದರು ಡಾಕ್ಟರು. ಬಿ.ಪಿ. ಬಗ್ಗೆ ರೋಗಿಗಳು ಹೀಗೆ ಅಂದರೆ ಅವರು ಸುಮ್ಮನಿರುತ್ತಿದ್ದರೇ?

ಕೊನೆಗೆ ಸಾಬ್ರಿಗೆ ಒಪ್ಪಿಗೆಯಾದದ್ದು ತೀರ್ಥಹಳ್ಳಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರ ಗಾಡಿ. ಮೀಟರಿನಲ್ಲಿ ರಾಜಾರೋಷವಾಗಿ 1,40,000. ಪೆಡಲ್ ಸವೆದಿತ್ತು, ಆದರೆ ಮೀಟರಿಗೂ ಸವೆತಕ್ಕೂ ತಾಳೆಯಿತ್ತು. ಸರ್ವಿಸ್ ಬಿಲ್ಲುಗಳನ್ನೆಲ್ಲ ಅಡಿಕೆ ಮಂಡಿಯ ಚೀಟಿಗಳ ಜೊತೆಗೇ ದಾರದಲ್ಲಿ ಪೋಣಿಸಿಟ್ಟಿದ್ದರು. ಸಾಬ್ರು ನನ್ನ ಕಿವಿಯಲ್ಲಿ "ಬಿಡ್ಬೇಡಿ" ಎಂದು ಪಿಸುಗುಟ್ಟಿ, ಮುಖ ಗಂಟು ಹಾಕಿಕೊಂಡು ವ್ಯಾಪಾರಿಯ ಕಡೆ ತಿರುಗಿದರು. ಲೋವರ್ ಆರ್ಮ್ ಬುಷ್ ಹೋಗಿದೆ, ಕ್ಲಚ್ ಪ್ಲೇಟ್ ಮುಗೀತಾ ಬಂದಿದೆ, ಶಾಕ್ ಅಬ್ಸಾರ್ಬರಿನಲ್ಲಿ ಆಯಿಲ್ ಲೀಕ್, ಗೇರ್ ಹಾಕಿ ಬಿಟ್ಟರೆ ಜಾಯಿಂಟ್ ಕ್ರಾಸ್ ಕಟ್ ಅನ್ನುತ್ತದೆ, ಸ್ಟೀರಿಂಗ್‌ನಲ್ಲಿ ಪ್ಲೇ ಇದೆ. ಒಂದೊಂದಕ್ಕೂ ಒಂದಿಷ್ಟು ಸಾವಿರ ಕಳೆಯುತ್ತ ಬಂದರು.

ವ್ಯಾಪಾರಿ ಎಲೆಗೆ ಸುಣ್ಣ ಹಚ್ಚುತ್ತ ತಾಳ್ಮೆಯಿಂದ ಕೇಳಿಸಿಕೊಂಡರು. "ಅಲ್ಲ ಮಾರಾಯ್ರೇ, ಇಷ್ಟೆಲ್ಲ ಹಾಳಾಗಿರೋ ಗಾಡಿನ ನೀವ್ ಎಂತಕ್ಕೆ ತಗೊಳ್ತೀರಿ?"

ನಾನೂ ಸಾಬ್ರೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಮೂರನೇ ಸಾಲಿನಿಂದ, ಆಗಲೇ ಚಪ್ಪಲಿ ಬಿಚ್ಚಿ ಕಾಲು ಮಡಚಿ ಕೂತಿದ್ದ ನನ್ನವಳ ದನಿ ಬಂತು: "ರೀ, ಹಿಂದೆ ಎ.ಸಿ. ಗಾಳಿ ಬರುತ್ತೆ, ತಣ್ಣಗಿಲ್ಲ. ಅದಕ್ಕೂ ಎರಡು ಸಾವಿರ ಕಳೀರಿ!"