ಸುಣ್ಣಕ್ಕೆ ಗಾಳಿ ತಾಗಿದರೆ

ಕವಳ ಹಾಕುವವರ ಮನೆಯಲ್ಲಿ ಜಗಳಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ, ಸುಣ್ಣದ ಡಬ್ಬಿಯ ಮುಚ್ಚಳ ಸಾಕು. ಮುಚ್ಚಲು ಮರೆತು ಎಲ್ಲರೂ ಮದುವೆಗೆ ಹೋಗಿರುತ್ತಾರೆ. ಬಂದು ನೋಡಿದರೆ ಬೆಣ್ಣೆಯಂತಿದ್ದ ಸುಣ್ಣ ಬಿರುಕು ಬಿಟ್ಟು, ಹಕ್ಕಳೆ ಎದ್ದು, ಡಬ್ಬಿಯ ಅಂಚಿಗೆ ಕಚ್ಚಿಕೊಂಡಿರುತ್ತದೆ. ನೀರು ಹಾಕಿ ಕಲಸಿದರೂ ಆ ಹಕ್ಕಳೆ ಜಪ್ಪಯ್ಯ ಎನ್ನುವುದಿಲ್ಲ. ಉಗುರಿನಲ್ಲಿ ಕೆರೆದು ಎಲೆಗೆ ಹಚ್ಚಿಕೊಂಡರೆ ಬಾಯಿ ಕೆಂಪಾಗುವ ಮಾತೇ ಇಲ್ಲ.

“ಗಾಳಿ ಕುಡಿದು ಸತ್ತುಹೋಗಿದೆ ಕಣೋ” ಎನ್ನುತ್ತಿದ್ದರು ನಮ್ಮ ದೊಡ್ಡಮ್ಮ. ರಸಾಯನಶಾಸ್ತ್ರದ ಮೇಷ್ಟ್ರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಒಂದೇ ತಿದ್ದುಪಡಿ: ಸುಣ್ಣ ಕುಡಿದದ್ದು ಇಡೀ ಗಾಳಿಯನ್ನಲ್ಲ, ಅದರ ಹತ್ತು ಸಾವಿರ ಪಾಲಿನಲ್ಲಿ ನಾಲ್ಕೇ ಪಾಲಿರುವ ಇಂಗಾಲದ ಡೈಆಕ್ಸೈಡನ್ನು. ಚಿಪ್ಪನ್ನು ಸುಣ್ಣದ ಗೂಡಿನಲ್ಲಿ ಸುಟ್ಟಾಗ ಓಡಿಹೋದದ್ದೂ ಅದೇ ಅನಿಲ. ನೂರು ಕಿಲೋ ಶುದ್ಧ ಚಿಪ್ಪು ಸುಟ್ಟರೆ 44 ಕಿಲೋ ಹೀಗೆ ಗಾಳಿಪಾಲು, ಕೈಗೆ ಸಿಗುವುದು 56. ಸುಟ್ಟದ್ದಕ್ಕೆ ನೀರು ಹೊಯ್ದರೆ ಕೊತಕೊತ ಕುದಿದು ಅರಳುತ್ತದೆ. ಡಬ್ಬಿ ತೆರೆದಿಟ್ಟರೆ ಕಳೆದುಕೊಂಡದ್ದನ್ನು ಸದ್ದಿಲ್ಲದೆ ಹೀರಿಕೊಂಡು, ಚಿಪ್ಪಿನಲ್ಲಿ ಮೊದಲಿದ್ದ ಕ್ಯಾಲ್ಸಿಯಂ ಕಾರ್ಬೊನೇಟೇ ಆಗುತ್ತದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೆಯೇ. ಅಲ್ಲಿ ಹೊಗಳುತ್ತೇವೆ, ಡಬ್ಬಿಯಲ್ಲಿ ಬೈಯುತ್ತೇವೆ.

ಈ ಲೆಕ್ಕವನ್ನು 1750ರ ದಶಕದಲ್ಲಿ ತಕ್ಕಡಿ ಹಿಡಿದು ಕುಳಿತು ಬಿಡಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಕವಳ ಹಾಕುತ್ತಿರಲಿಲ್ಲ, ಪಾಪ. ಇದ್ದಿಲು ಉರಿದಾಗ, ಹುಳಿ ಬಂದಾಗ, ನಾವು ಉಸಿರು ಬಿಟ್ಟಾಗ ಬರುವುದೂ ಇದೇ ಅನಿಲವೆಂದು ಸುಣ್ಣದ ತಿಳಿನೀರಿನಿಂದ ತೋರಿಸಿದ. ಅನಿಲ ಸೋಕಿದರೆ ತಿಳಿನೀರು ಹಾಲಾಗುತ್ತದೆ. ಅಷ್ಟಕ್ಕೇ ಬಿಡದೆ, ಗ್ಲಾಸ್ಗೋದ ಒಂದು ಚರ್ಚಿನ ಚಾವಣಿಯ ಗಾಳಿಕಿಂಡಿಯಲ್ಲಿ ಚಿಂದಿಬಟ್ಟೆ ಇಟ್ಟು ಅದರ ಮೇಲೆ ಸುಣ್ಣದ ನೀರು ತೊಟ್ಟಿಕ್ಕುವಂತೆ ಮಾಡಿದನಂತೆ. ಕೆಳಗೆ ಹತ್ತು ಗಂಟೆಗಳ ಪ್ರಾರ್ಥನಾಸಭೆ. ಮುಗಿಯುವ ಹೊತ್ತಿಗೆ ಬಟ್ಟೆಯ ತುಂಬ ಬಿಳಿ ಗಸಿ. ಉಪದೇಶಕ್ಕೆ ಎಷ್ಟು ತೂಕವಿತ್ತೋ ಕಾಣೆ, ಭಕ್ತರ ಉಸಿರಿಗಂತೂ ಇತ್ತು. ಕಿಟಕಿ ಮುಚ್ಚಿದ ಸಭಾಂಗಣದಲ್ಲಿ ಅಧ್ಯಕ್ಷ ಭಾಷಣದ ಹೊತ್ತಿಗೆ ತೂಕಡಿಸುವವರು ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ನಾವು ಬಿಡುವ ಉಸಿರಿನಲ್ಲಿ ಈ ಅನಿಲ ನೂರಕ್ಕೆ ನಾಲ್ಕು ಪಾಲು, ಅಂದರೆ ಹೊರಗಿನ ಗಾಳಿಯಲ್ಲಿರುವುದರ ನೂರರಷ್ಟು.

ತೂಕ ಎಂದಾಗ ತಮಾಷೆ ಬಿಟ್ಟು ಒಂದು ಮಾತು. ಇದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಹಾಳುಬಾವಿಯ ತಳದಲ್ಲಿ ಮಡುಗಟ್ಟಿ ನಿಲ್ಲಬಲ್ಲದು. ಇಳಿಬಿಟ್ಟ ದೀಪ ಆರಿತೆಂದರೆ ಮನುಷ್ಯ ಇಳಿಯಕೂಡದು.

ಇದನ್ನು ಕುಡಿಯುವ ದಾರಿ ತೋರಿಸಿದವನು ಜೋಸೆಫ್ ಪ್ರೀಸ್ಟ್ಲಿ. ಲೀಡ್ಸ್‌ನಲ್ಲಿ ಅವನ ನೆರೆಮನೆಯೇ ಬಿಯರ್ ಕಾರ್ಖಾನೆ. ಪಾದ್ರಿಗೆ ಸಿಕ್ಕ ನೆರೆ ನೋಡಿ! ಹುದುಗುವ ತೊಟ್ಟಿಗಳ ಮೇಲೆ ತೇಲುತ್ತಿದ್ದ ಅನಿಲವನ್ನು ನೀರಿಗೆ ಬೆರೆಸಿ, ಆ ವಿಧಾನವನ್ನು 1772ರಲ್ಲಿ ಅಚ್ಚು ಹಾಕಿಸಿದ. ನಾಲಗೆಗೆ ತುಸು ಹುಳಿ, ಮೂಗಿಗೆ ಚುರುಕು: ನಮ್ಮ ಗೋಲಿ ಸೋಡಾದ ಮೂಲಪುರುಷ. ತಣ್ಣಗಿದ್ದಷ್ಟೂ ನೀರು ಈ ಅನಿಲವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಜಾತ್ರೆಯಲ್ಲಿ ಬಿಸಿಲಿಗೆ ಜೋಡಿಸಿಟ್ಟ ಬಾಟಲಿಯ ಗೋಲಿ ಒತ್ತಿದಾಗ ಅರ್ಧ ಸೋಡಾ ಅಂಗಿಯ ಮೇಲೆ ಬರುವುದು ಅದಕ್ಕೇ. ಅಂಗಡಿಯವನಿಗೆ ಇದನ್ನು ವಿವರಿಸಬಹುದು. ದುಡ್ಡು ಮಾತ್ರ ಪೂರ್ತಿ ಬಾಟಲಿಯದೇ ಕೊಡಬೇಕು.