ಕಾರು ನಿಂತಲ್ಲಿ ಕಾರ್ನೇಷನ್

ಬ್ಯಾಂಕು, ಬೇಕರಿ, ಔಷಧದಂಗಡಿ, ಅಂಚೆ ಕಚೇರಿಗಳು ಸಾಲಾಗಿ ನಿಂತು, ಊರಿನವರಿಗೆ ಒಬ್ಬರ ಮುಖವನ್ನೊಬ್ಬರು ನೋಡಲು ನೆಪ ಒದಗಿಸುವ ಪೇಟೆಬೀದಿಗೆ ಇಂಗ್ಲೆಂಡಿನಲ್ಲಿ ಹೈ ಸ್ಟ್ರೀಟ್ ಎನ್ನುತ್ತಾರೆ. ಈ ಬೀದಿಗಳು ಎಷ್ಟು ಸೊರಗಿದವೆಂಬುದನ್ನು ಅರಿಯಲು, 2009ರ ಜನವರಿಯ ಹೊತ್ತಿಗೆ 800ಕ್ಕೂ ಮಿಕ್ಕ ಮಳಿಗೆಗಳಿಗೆ ಬೀಗ ಜಡಿದ ವೂಲ್‌ವರ್ತ್ಸ್ ಒಂದನ್ನು ನೆನೆದರೂ ಸಾಕು. 2011ರ ಡಿಸೆಂಬರಿನಲ್ಲಿ ಚಿಲ್ಲರೆ ವ್ಯಾಪಾರದ ತಜ್ಞೆ ಮೇರಿ ಪೋರ್ಟಾಸ್ ಸರ್ಕಾರಕ್ಕೆ ಒಪ್ಪಿಸಿದ ವರದಿಯು 28 ಶಿಫಾರಸುಗಳನ್ನು ಮಾಡಿ, ಬೀದಿಗಳಲ್ಲಿ ಸಂತೆ ಕೂಡಿಸಬೇಕೆಂಬ ಸಲಹೆಯನ್ನೂ ಅವುಗಳ ನಡುವೆ ಸೇರಿಸಿತು. ಮನುಷ್ಯರು ಸಾವಿರಾರು ವರ್ಷಗಳಿಂದ ಯಾವ ವರದಿಯ ಹಂಗೂ ಇಲ್ಲದೆ ನಡೆಸಿಕೊಂಡು ಬಂದ ಕೆಲಸಕ್ಕೆ ಹೀಗೆ ಅಧಿಕೃತ ಮನ್ನಣೆ ದೊರೆಯಿತು.

ಪಶ್ಚಿಮ ಲಂಡನ್ನಿನ ಚಿಸಿಕ್ ಬಡಾವಣೆಯ ನಿವಾಸಿಗಳು 2020ರ ಸೆಪ್ಟೆಂಬರಿನಲ್ಲಿ, ಅಂದರೆ ಮನುಷ್ಯರು ಪರಸ್ಪರ ದೂರ ನಿಲ್ಲಬೇಕೆಂದು ಸರ್ಕಾರವೇ ಬುದ್ಧಿ ಹೇಳುತ್ತಿದ್ದ ಕೊರೋನಾ ಕಾಲದಲ್ಲಿ, ತಮ್ಮ ಪೇಟೆಬೀದಿಯಾದ ಹೈ ರೋಡಿನ ಮಗ್ಗುಲಿಗೆ ಜನರನ್ನು ಸೆಳೆಯಲು ಹೂವಿನ ಸಂತೆಯೊಂದನ್ನು ಆರಂಭಿಸಿದರು. ಪ್ರತಿ ತಿಂಗಳ ಮೊದಲ ಭಾನುವಾರ ಕೂಡುವ ಈ ಸಂತೆಗೆ ದೊರೆತ ಸ್ಥಳ, ಉಳಿದ ದಿನಗಳಲ್ಲಿ ಕಾರುಗಳು ನಿಲ್ಲುವ ಜಾಗ. ಇಂಗ್ಲಿಷರ ನಡೆನುಡಿಗಳನ್ನು ಚಿತ್ರಗಳಲ್ಲಿ ನಿರ್ದಾಕ್ಷಿಣ್ಯವಾಗಿ ಗೇಲಿ ಮಾಡಿದ, ಚಿಸಿಕ್‌ನಲ್ಲೇ ಮನೆ ಮಾಡಿದ್ದ 18ನೆಯ ಶತಮಾನದ ಕಲಾವಿದ ವಿಲಿಯಂ ಹೊಗಾರ್ತನು ತನ್ನ ಮೊಂಡುಮೂಗಿನ ನಾಯಿಯೊಂದಿಗೆ ಅದೇ ಬೀದಿಯಲ್ಲಿ ಪ್ರತಿಮೆಯಾಗಿ ನಿಂತಿರುವುದರಿಂದ, ಸಂಘಟಕರಿಗೆ ವಿಮರ್ಶಕರ ಕೊರತೆ ಆರಂಭದಿಂದಲೂ ಇರಲಿಲ್ಲವೆನ್ನಬಹುದು.

ಸಂತೆಯನ್ನು ನಡೆಸುವವರು ಸ್ವಯಂಸೇವಕರು. ಸಂಬಳ ಕೊಟ್ಟರೆ ಯಾರೂ ಒಪ್ಪದ ಕೆಲಸವನ್ನು ಸಂಬಳವಿಲ್ಲದ ಕಾರಣಕ್ಕೇ ಸಂತೋಷದಿಂದ ಮಾಡುವವನೆಂದು ಸ್ವಯಂಸೇವಕನನ್ನು ವ್ಯಾಖ್ಯಾನಿಸಿದರೆ ಹೆಚ್ಚು ತಪ್ಪಾಗಲಾರದು. ಮದುವೆಮನೆಯ ಸೋದರಮಾವನಂತೆ ಅವನನ್ನು ಕರೆಯುವುದು ಗೌರವಕ್ಕೆ, ನಿಲ್ಲಿಸುವುದು ಬಡಿಸಲಿಕ್ಕೆ. ಹೂವಿನ ಸಂತೆಯೆಂದೊಡನೆ ಗುಲಾಬಿಗಳ ನಡುವೆ ಮುಗುಳ್ನಗುತ್ತ ಸುಳಿಯುವ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಸರು ಬರೆಸಿದವನ ಕೈಗೆ, ಇಂಥ ಸಂತೆಗಳಲ್ಲಿ ಮೊದಲು ಬರುವುದು ಹೂವಲ್ಲ, ಗಾಳಿಗೆ ಡೇರೆ ಹಾರದಂತೆ ಅದರ ಕಾಲುಗಳಿಗೆ ಕಟ್ಟುವ ತೂಕದ ಕಲ್ಲು. ಆಮೇಲೆ ರಸ್ತೆ ತಡೆಯುವ ಶಂಕುಗಳು, ಕಸದ ಚೀಲಗಳು, ದೂರದಿಂದಲೂ ಕಣ್ಣು ಕುಕ್ಕುವ ಹಳದಿ ಅಂಗಿ. ಈ ಅಂಗಿ ತೊಟ್ಟವರಿಗೆ ಶೌಚಾಲಯದ ದಾರಿ ತಿಳಿದಿರುತ್ತದೆಂಬುದು ಲಂಡನ್ನಿಗರ ಅಚಲ ನಂಬಿಕೆ. ಇವೆಲ್ಲಕ್ಕೂ ಮುಂಚೆ ಪಾಲಿಕೆಯ ಪರವಾನಗಿ, ರಸ್ತೆ ಬಳಕೆಯ ಅನುಮತಿ, ಹೂಕುಂಡ ಎಡವಿ ಬೀಳುವವರಿಗಾಗಿ ವಿಮೆ. ಇಂಗ್ಲೆಂಡಿನಲ್ಲಿ ಸಂತೆಯೆಂಬುದು ಎಂದೂ ಸಲೀಸಾದ ವ್ಯವಹಾರವಾಗಿರಲಿಲ್ಲ. ಒಂದು ಸಂತೆಯ ಹಕ್ಕುಳ್ಳ ಜಾಗದಿಂದ ಆರು ಮತ್ತು ಮೂರನೆಯ ಎರಡು ಮೈಲಿಯೊಳಗೆ ಇನ್ನೊಂದು ಸಂತೆ ಕೂಡದು ಎಂಬ ನಿಯಮಕ್ಕೆ, 13ನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಬ್ರ್ಯಾಕ್ಟನ್ನನ ಹೆಸರಿನ ಗ್ರಂಥವು ಕಾರಣ ಕೊಡುತ್ತದೆ: ದಿನವೊಂದರ ನಡಿಗೆ 20 ಮೈಲಿ, ಅದರಲ್ಲಿ ಮೂರನೆಯ ಒಂದು ಪಾಲು ಹೋಗಲು, ಒಂದು ಪಾಲು ವ್ಯಾಪಾರಕ್ಕೆ, ಉಳಿದದ್ದು ಕಳ್ಳರು ಏಳುವುದರೊಳಗೆ ಮನೆ ಸೇರಲು. ಚೌಕಾಸಿಗೂ ಮೈಲಿಗಳಲ್ಲಿ ಲೆಕ್ಕ ಹಿಡಿದ ಆ ವಿದ್ವತ್ತಿಗೆ ತಲೆಬಾಗಲೇಬೇಕು.

ಇಷ್ಟಾದರೂ ಹೂವು ಮಾರುವುದೇ ಇಂಥ ಸಂತೆಯ ಅಂತಿಮ ಗುರಿಯಲ್ಲ. ಹೂವಿಗೆಂದು ಬಂದವರು ಕಾಫಿ ಕುಡಿದು, ಪಕ್ಕದ ಪುಸ್ತಕದಂಗಡಿ ಹೊಕ್ಕು, ಬೀದಿಯುದ್ದಕ್ಕೂ ಕೈಬಿಚ್ಚಿ ಖರ್ಚು ಮಾಡಬೇಕೆಂಬುದು ಇದರ ಹಿಂದಿರುವ ಅರ್ಥಶಾಸ್ತ್ರ. ತೊಡಕಿರುವುದು ಆ ಕೈಯಲ್ಲೇ. ಒಂದು ತೋಳಿನಲ್ಲಿ ಲ್ಯಾವೆಂಡರ್, ಇನ್ನೊಂದರಲ್ಲಿ ಎದೆಯೆತ್ತರದ ಆಲಿವ್ ಗಿಡ ಅಪ್ಪಿಕೊಂಡವರಿಗೆ ಅಂಗಡಿಯ ಬಾಗಿಲನ್ನು ನೂಕಲಾಗುವುದಿಲ್ಲ; ನೂಕಿದರೂ ಜೇಬಿಗೆ ಕೈಹಾಕಲಾಗುವುದಿಲ್ಲ. ಪುಷ್ಪಪ್ರದರ್ಶನಗಳವರು ಈ ಸಮಸ್ಯೆಗೆಂದೇ, ಕೊಂಡ ಗಿಡಗಳನ್ನು ಚೀಟಿ ಅಂಟಿಸಿ ಕಾಯ್ದಿಡುವ ‘ಗಿಡಗಳ ಕ್ರೆಷ್’ ಎಂಬ ವ್ಯವಸ್ಥೆಯನ್ನು ಕಂಡುಹಿಡಿದಿದ್ದಾರೆ. ಮಕ್ಕಳ ಶಿಶುವಿಹಾರಕ್ಕೆ ಹೋಲಿಸಿದರೆ ಇಲ್ಲಿ ಅಳು ಕಡಿಮೆ. ಆದರೆ ತಮ್ಮದಕ್ಕಿಂತ ಹೆಚ್ಚು ಮೊಗ್ಗಿರುವ ಗಿಡವನ್ನು ತಮ್ಮದೇ ಎಂದು ಪ್ರಾಮಾಣಿಕವಾಗಿ ಗುರುತಿಸುವ ಪೋಷಕರಿಗೆ ಇಲ್ಲಿ ಹೆಚ್ಚು ಅವಕಾಶವುಂಟು.

ಚಿಸಿಕ್‌ಗೆ ಹೂವು ಹೊಸದೇನಲ್ಲ. ಮುಂದೆ ‘ರಾಯಲ್’ ಎನಿಸಿಕೊಂಡ ಲಂಡನ್ನಿನ ತೋಟಗಾರಿಕಾ ಸಂಘವು 1820ರ ದಶಕದ ಆರಂಭದಲ್ಲಿ ಇಲ್ಲಿ ಡೆವನ್‌ಶೈರಿನ ಡ್ಯೂಕನಿಂದ 33 ಎಕರೆ ಗುತ್ತಿಗೆ ಪಡೆದು ತೋಟ ಮಾಡಿತು. 1803ರಲ್ಲಿ ಹುಟ್ಟಿದ್ದ ಜೋಸೆಫ್ ಪ್ಯಾಕ್ಸ್‌ಟನ್, ದಾಖಲೆ ಪುಸ್ತಕದಲ್ಲಿ 1801 ಎಂದು ಬರೆದು, ಎರಡು ವರ್ಷಗಳನ್ನು ಧಾರಾಳವಾಗಿ ಸೇರಿಸಿಕೊಂಡೇ ಅಲ್ಲಿ ಕೆಲಸ ಗಿಟ್ಟಿಸಿದ. ಡ್ಯೂಕನ ಕಣ್ಣಿಗೆ ಬಿದ್ದ ಆ ಯುವಕ 1826ರಲ್ಲಿ ಚಾಟ್ಸ್‌ವರ್ತ್ ಅರಮನೆಯ ತೋಟ ಸೇರಿ, ಗಾಜಿನ ಮನೆ ಕಟ್ಟುವುದರಲ್ಲಿ ಪಳಗಿ, 1851ರಲ್ಲಿ ತೆರೆದ ಲಂಡನ್ನಿನ ಗಾಜಿನ ಭವನ ಕ್ರಿಸ್ಟಲ್ ಪ್ಯಾಲೇಸನ್ನು ರೂಪಿಸಿದನು. ಅದರ ಮಾದರಿಯಲ್ಲಿ 1889ರಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಕಾಲು ತುಳಿಸಿಕೊಳ್ಳುವ ಬೆಂಗಳೂರಿಗರ ಸಂಕಟದಲ್ಲಿ ಹೀಗೆ ಚಿಸಿಕ್‌ನ ಆ ಎರಡು ಸುಳ್ಳು ವರ್ಷಗಳಿಗೂ ಅಲ್ಪ ಪಾಲಿದೆ.

ಹೂವಿನ ಸಂತೆಯ ಬೆನ್ನಿಗೆ ಹಳೆಯ ವಸ್ತುಗಳ ಸಂತೆ, ಚೀಸ್ ಸಂತೆಗಳೂ ಬೇರೆ ಬೇರೆ ಭಾನುವಾರಗಳಲ್ಲಿ ಅದೇ ಜಾಗಕ್ಕೆ ಬಂದುದರಿಂದ, ತನ್ನ ಕಾರನ್ನು ಎತ್ತಬೇಕಾದದ್ದು ಗುಲಾಬಿಗೋ, ಹಿತ್ತಾಳೆಗೋ, ಗಿಣ್ಣಿಗೋ ಎಂಬ ತಿಥಿನಿರ್ಣಯವೂ ಚಿಸಿಕ್ ನಿವಾಸಿಯ ಪಾಲಿಗೆ ಬಂದಿದೆ. ಇಂಥ ಜಾಗಗಳಲ್ಲಿ ಶನಿವಾರ ರಾತ್ರಿಯ ಮದ್ಯ ತಲೆಗೇರಿದವನು ನಿಯಮಪಾಲನೆಗಾಗಿ ಕಾರು ಅಲ್ಲೇ ಬಿಟ್ಟು ನಡೆದು ಮನೆ ಸೇರುವುದು ಪೊಲೀಸರ ದೃಷ್ಟಿಯಿಂದ ಸದ್ಗುಣ, ಬೆಳಗಿನ ಸ್ವಯಂಸೇವಕರ ದೃಷ್ಟಿಯಿಂದ ಮಹಾಪರಾಧ. ಒಡೆಯ ಎದ್ದು ಬರುವವರೆಗೆ ಕಾರಿನ ಬಾನೆಟ್ಟಿನ ಮೇಲೆ ಡೇಲಿಯಾ ಇಟ್ಟು ಮಾರಬಹುದೇ ಎಂಬ ಪ್ರಶ್ನೆಗೆ ಬ್ರ್ಯಾಕ್ಟನ್ನನ ಗ್ರಂಥದಲ್ಲೂ ಉತ್ತರವಿಲ್ಲ.