ಸಾಲ ಮಾಡಿದವರೇ ನನ್ನಲ್ಲಿ ಚಿರಂಜೀವಿಗಳು

ವರ್ಜೀನಿಯಾದ ಚೆಸಪೀಕ್ ಕೊಲ್ಲಿಯ ಪೂರ್ವ ದಂಡೆಯಲ್ಲಿ ಈಸ್ಟ್‌ವಿಲ್ ಎಂಬ ಪುಟ್ಟ ಊರಿದೆ. ಅಲ್ಲಿನ ನಾರ್ಥಾಂಪ್ಟನ್ ಕೌಂಟಿಯ ಕೋರ್ಟು ದಾಖಲೆ 1632ರಿಂದ ಎಡೆಬಿಡದೆ ಉಳಿದುಬಂದಿದೆ. ಅಮೆರಿಕದಲ್ಲಿ ಇಷ್ಟು ಹಳೆಯ ಅಖಂಡ ಸಾಲು ಇನ್ನೊಂದಿಲ್ಲ. ಪೂರ್ವಜರನ್ನು ಹುಡುಕಿಕೊಂಡು ಬರುವವರಿಂದ ರೋಸಿಹೋದ ಒಂದು ಹಳೇ ಆರ್ಡರ್ ಪುಸ್ತಕ ಮಾತಿಗೆ ಸಿಕ್ಕಿತು.

ನಮಸ್ಕಾರ. ಆರೋಗ್ಯವೇ?

ಪೆನ್ನು ಒಳಗಿಡಿ. ಪೆನ್ಸಿಲ್ ಮಾತ್ರ. ಈಗ ಕೇಳಿ.

ಬರುವವರಿಗೆ ಏನು ಬೇಕಿರುತ್ತದೆ?

ಒಬ್ಬ ಲಾರ್ಡ್. ಅದಾಗದಿದ್ದರೆ ಒಬ್ಬ ಕ್ಯಾಪ್ಟನ್. ನನ್ನಲ್ಲಿ ಸ್ಟಾಕ್ ಇರುವುದು ಹಂದಿ ಕದ್ದವರು. ಗುಸ್ತಾವ್ ಆಂಜೂ ಅಂತ ಒಬ್ಬನಿದ್ದ, 1942ರಲ್ಲಿ ತೀರಿಕೊಂಡ. ದುಡ್ಡು ಕೊಟ್ಟವರಿಗೆಲ್ಲ ಘನವಂತ ವಂಶವೃಕ್ಷ ಹೊಸೆದುಕೊಡುತ್ತಿದ್ದ. ಅಂಥ ಮರ ಕಂಕುಳಲ್ಲಿ ಇಟ್ಟುಕೊಂಡು ಬಂದವರಿಗೆ ನನ್ನ ಪುಟ ತೋರಿಸಿದರೆ, ಪುಟವೇ ತಪ್ಪು ಅನ್ನುತ್ತಾರೆ.

ನಮ್ಮ ಕಡೆ ಋಷಿಮೂಲ, ನದೀಮೂಲ ಕೇಳಬಾರದು ಅಂತಾರೆ.

ಒಳ್ಳೆಯ ಕಾಯ್ದೆ. ಯಾವ ವರ್ಷ ಪಾಸಾಯಿತು?

ಇರಲಿ. ನಿಮ್ಮಲ್ಲಿ ಹೆಸರು ಸೇರಬೇಕಾದರೆ ಏನು ಅರ್ಹತೆ?

ಸಾಲ ಮಾಡಿರಬೇಕು. ಅಥವಾ ಸಾಲ ಕೊಟ್ಟು ಕೆಟ್ಟಿರಬೇಕು. ದನ ಪಕ್ಕದವನ ಹೊಲಕ್ಕೆ ನುಗ್ಗಿರಬೇಕು, ಯಾರನ್ನಾದರೂ ಬಾಯಿಗೆ ಬಂದಂತೆ ಬೈದಿರಬೇಕು. ದಂಡವೆಲ್ಲ ತಂಬಾಕಿನಲ್ಲಿ, ಪೌಂಡ್ ಲೆಕ್ಕ. ನಾಣ್ಯ ಯಾರ ಹತ್ತಿರ ಇತ್ತು? ಮದುವೆಯಾಗದೆ ಬಸಿರಾದ ಆಳುಹೆಣ್ಣು ಬಿಳೀ ಬಟ್ಟೆ ಹೊದ್ದು ಚರ್ಚಿನಲ್ಲಿ ನಿಲ್ಲುತ್ತಿದ್ದಳು, ಮೇಲೆ ಒಡೆಯನಿಗೆ ಹೆಚ್ಚುವರಿ ಚಾಕರಿ. ಇವರೆಲ್ಲ ನನ್ನಲ್ಲಿ ಚಿರಂಜೀವಿಗಳು. ಯಾರ ತಂಟೆಗೂ ಹೋಗದೆ ದುಡಿದು ಸತ್ತನಲ್ಲ, ನಿಮ್ಮ ಸಂಭಾವಿತ ಮುತ್ತಜ್ಜ, ಅವನು ಹುಟ್ಟಿದ್ದಕ್ಕೆ ನನ್ನ ಬಳಿ ಪುರಾವೆ ಇಲ್ಲ.

ಜನನ ದಾಖಲೆ ನೋಡಿದರಾಯಿತಲ್ಲ?

ಅದು ಚರ್ಚಿನ ತಲೆನೋವಾಗಿತ್ತು. ಜನನ ಬರೆದಿಡಬೇಕೆಂದು ವರ್ಜೀನಿಯಾ ಸರ್ಕಾರಕ್ಕೆ ಹೊಳೆದದ್ದು 1853ರಲ್ಲಿ.

1652ರ ಏಪ್ರಿಲ್‌ನಲ್ಲಿ ಮದುವೆ, 1652ರ ಫೆಬ್ರವರಿಯಲ್ಲಿ ಮಗು ಎಂದು ಬರೆದಿರುತ್ತದಂತೆ. ಏನು ಈ ಕಥೆ?

ಅಜ್ಜಿಯ ಮೇಲೆ ಅನುಮಾನ ಬೇಡ. ಇಂಗ್ಲಿಷರ ಹೊಸ ವರ್ಷ ಆಗ ಮಾರ್ಚ್ 25ಕ್ಕೆ, ಏಪ್ರಿಲ್ ಮೊದಲು, ಫೆಬ್ರವರಿ ಕೊನೆಗೆ. 1752ರಲ್ಲಿ ಪದ್ಧತಿ ಬದಲಾಯಿತು, ಆ ಸೆಪ್ಟೆಂಬರ್‌ನಲ್ಲಿ ಹನ್ನೊಂದು ದಿನ ಮಾಯವೂ ಆದವು. ಅದಕ್ಕೂ ನಮ್ಮನ್ನೇ ಬೈಯುತ್ತಾರೆ.

ಉಳಿದ ಕೌಂಟಿಗಳ ಪುಸ್ತಕಗಳು?

ಪಾಪ. ನ್ಯೂ ಕೆಂಟ್‌ನದಕ್ಕೆ 1787ರಲ್ಲಿ ಒಬ್ಬ ಬೆಂಕಿ ಇಟ್ಟ. ಅವನನ್ನು ಗಲ್ಲಿಗೇರಿಸಿದರು, ಪುಸ್ತಕ ವಾಪಸ್ಸು ಬರಲಿಲ್ಲ. ಅಂತರ್ಯುದ್ಧದಲ್ಲಿ ಹ್ಯಾನೋವರ್‌ನವರು ಭದ್ರವಾಗಿರಲಿ ಎಂದು ತಮ್ಮವನ್ನು ರಿಚ್ಮಂಡ್‌ಗೆ ಸಾಗಿಸಿದರು. 1865ರ ಏಪ್ರಿಲ್‌ನಲ್ಲಿ ರಿಚ್ಮಂಡೇ ಉರಿಯಿತು. ಭದ್ರತೆ ಎಂಬ ಮಾತು ಕೇಳಿದರೆ ನನಗೆ ಈಗಲೂ ರಟ್ಟು ನಡುಗುತ್ತದೆ.

ಭಾರತದವರು ಯಾರಾದರೂ...?

1630ರ ದಶಕದಲ್ಲಿ ಜಾರ್ಜ್ ಮೆನಿಫೀ ಎಂಬ ವರ್ತಕನ ಭೂಪಟ್ಟಾದಲ್ಲಿ 'ಟೋನಿ, ಈಸ್ಟ್ ಇಂಡಿಯನ್' ಎಂದಿದೆ. ಅಷ್ಟೇ. ಆಳು ತಂದವನಿಗೆ ತಲೆಗೆ 50 ಎಕರೆ ಕೊಡುತ್ತಿದ್ದರು. ತಲೆ ಲೆಕ್ಕಕ್ಕೆ ಬೇಕಿತ್ತು, ಊರುಕೇರಿ ಬೇಕಿರಲಿಲ್ಲ.

ನಿಮ್ಮನ್ನು ಪೂರ್ತಿ ಓದಿದರೂ ಸಿಕ್ಕದವರು ಯಾರು?

ಸಿಕ್ಕಿಯೂ ಸಿಕ್ಕದವರಿದ್ದಾರೆ. ಆಂಟನಿ ಜಾನ್ಸನ್ ನೋಡಿ. 1621ರಲ್ಲಿ ಬಂದಾಗ ಬರೀ ಆಂಟೋನಿಯೋ, ಆಫ್ರಿಕಾದವನು, ದುಡಿಮೆಗೆ ತಂದವನು. 1651ಕ್ಕೆ ಐದು ತಲೆ ತೋರಿಸಿ 250 ಎಕರೆ ಪಡೆದ. ಹೊಲಮನೆ ಸುಟ್ಟಾಗ ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳಿಗೆ ನಮ್ಮ ಕೋರ್ಟು ತೆರಿಗೆ ಮಾಫಿ ಮಾಡಿತು. ಆಮೇಲೆ ಜಾನ್ ಕ್ಯಾಸರ್ ಎಂಬ ಕಪ್ಪು ಆಳು ಬಂದ. ನಾನು ಏಳೆಂಟು ವರ್ಷದ ಕರಾರಿಗೆ ಬಂದವನು, ಅವಧಿ ಮುಗಿದಿದೆ, ಬಿಡಿಸಿ ಅಂದ. ಅಲ್ಲ, ಜೀವನಪರ್ಯಂತ ನನ್ನವನು ಅಂದ ಜಾನ್ಸನ್. 1655ರಲ್ಲಿ ನಮ್ಮ ಕೋರ್ಟು ಕ್ಯಾಸರ್‌ನನ್ನು ಜಾನ್ಸನ್‌ಗೆ ಒಪ್ಪಿಸಿತು. ನನ್ನಲ್ಲೇ ಇದೆ, ಅಕ್ಷರ ದುಂಡಗಿಲ್ಲ, ಆದರೆ ಓದಲು ಬರುತ್ತದೆ.

ಬರೆದುಕೊಳ್ಳುವಾಗ ನಾಚಿಕೆಯಾಗಲಿಲ್ಲವೇ?

ನಾನು ದಾಖಲೆ ವಿಭಾಗ. ನಾಚಿಕೆಗೆ ಬೇರೆ ಇಲಾಖೆ.

ಕೊನೆಗೆ ಜಾನ್ಸನ್‌ಗೆ ಏನಾಯಿತು?

ಗುಳೆ ಹೋದ, ಮೇರಿಲ್ಯಾಂಡಿಗೆ. 1670ರಲ್ಲಿ ಸತ್ತ. ಅದೇ ವರ್ಷ ವರ್ಜೀನಿಯಾದ ಜ್ಯೂರಿ, ಕರಿಯ ಎಂದರೆ ಪರದೇಶಿ, ಅವನ ಇಲ್ಲಿನ ಜಮೀನಿಗೆ ವಾರಸುದಾರರಿಲ್ಲ ಎಂದಿತು. ಕೋರ್ಟಿಗೆ ಬಂದು, ಗೆದ್ದು, ತೆರಿಗೆ ಕಟ್ಟಿ ಬಾಳಿದವನು ಪರದೇಶಿ! ಅದನ್ನೂ ಇದೇ ಶಾಯಿಯಲ್ಲಿ ಬರೆದರು.

ವಂಶ ಮುಂದುವರಿಯಿತೇ?

ಮೊಮ್ಮಗ 1677ರಲ್ಲಿ 44 ಎಕರೆ ಕೊಂಡು, ಆ ಜಮೀನಿಗೆ 'ಅಂಗೋಲಾ' ಅಂತ ಹೆಸರಿಟ್ಟ.

ಅಂಗೋಲಾ! ತಾತನ ಊರೇ ಇರಬೇಕಲ್ಲ? ಸ್ವಲ್ಪ ಬಿಡಿಸಿ ಹೇಳಿ.

ಅದು ಮೇರಿಲ್ಯಾಂಡ್. ನನ್ನ ವ್ಯಾಪ್ತಿಗೆ ಬರುವುದಿಲ್ಲ. ಮುಂದಿನವರು ಬನ್ನಿ.